ಅಮೆರಿಕದ ಪಕ್ಷಗಳು ಬಲಕ್ಕೆ ಜರುಗಿವೆಯಾ? ನೀವೇ ಲೆಕ್ಕ ಹಾಕುವ ಬಗೆ

ನಮ್ಮ ಕೊಡಗಿನಲ್ಲಿ ಮಕ್ಕಳು ಅಮೆರಿಕದಲ್ಲಿರುವ ಮನೆಗಳು ಈಗ ಜಾಸ್ತಿ. ಹಾಗಾಗಿ ಮದುವೆ ಊಟದ ಸಾಲಿನಲ್ಲೂ ಅಲ್ಲಿಯ ರಾಜಕೀಯ ಬರುತ್ತದೆ. ಒಬ್ಬರು "ಎರಡೂ ಪಕ್ಷ ಒಂದೇ, ಎರಡೂ ದುಡ್ಡಿದ್ದವರದ್ದು" ಅನ್ನುತ್ತಾರೆ. ಪಕ್ಕದವರು "ಡೆಮಾಕ್ರಟರು ಕಮ್ಯುನಿಸ್ಟರಾಗಿಬಿಟ್ಟಿದ್ದಾರೆ" ಅನ್ನುತ್ತಾರೆ. ಪಾಯಸ ಬರುವಷ್ಟರಲ್ಲಿ ಇಬ್ಬರೂ ಗೆದ್ದಿರುತ್ತಾರೆ! ನಾನು ಸೋಮವಾರಪೇಟೆ ಕಡೆ ಪಿಯು ಮಕ್ಕಳಿಗೆ ಅರ್ಥಶಾಸ್ತ್ರ ಹೇಳಿಕೊಡುವವಳು, ಮನೆಯ ಹಿಂದೆ ಸ್ವಲ್ಪ ರೋಬಸ್ಟಾ ತೋಟವಿದೆ. ಅಲ್ಲಿಯ ಎರಡು ದೊಡ್ಡ ಪಕ್ಷಗಳಾದ ಡೆಮಾಕ್ರಟಿಕ್, ರಿಪಬ್ಲಿಕನ್ ದುಡ್ಡಿನ ವಿಷಯದಲ್ಲಿ ಬಲಕ್ಕೆ (ತೆರಿಗೆ, ಸರ್ಕಾರದ ಕೈ ಕಡಿಮೆ) ಜರುಗಿವೆಯಾ, ಎಡಕ್ಕೆ (ತೆರಿಗೆ, ಸರ್ಕಾರದ ನೆರವು ಜಾಸ್ತಿ) ಹೋಗಿವೆಯಾ ಅನ್ನುವ ಈ ಜಗಳವನ್ನು ಒಂದು ಸಂಜೆಯಲ್ಲಿ, ಒಂದು ನೋಟ್‌ಬುಕ್ ಇಟ್ಟುಕೊಂಡು ಹೇಗೆ ಬಗೆಹರಿಸಿಕೊಳ್ಳಬಹುದು ಅಂತ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು, ಎಲ್ಲಿಂದ ಅಳೆಯುತ್ತೀರಿ ಅನ್ನುವುದನ್ನು ನೋಟ್‌ಬುಕ್ಕಿನ ಮೇಲ್ಗಡೆ ಬರೆಯಿರಿ. ವರ್ಷ ಬರೆಯದೆ ವಾದಕ್ಕೆ ಇಳಿಯಬೇಡಿ. ಯಾಕೆ ಅಂತ ಒಂದೇ ಸಾಲು ನೋಡಿದರೆ ತಿಳಿಯುತ್ತದೆ: ಅತಿ ಹೆಚ್ಚು ಆದಾಯದ ಮೇಲಿನ ಕೇಂದ್ರ ತೆರಿಗೆಯ ದರ. 1950ರ ದಶಕದಲ್ಲಿ, ರಿಪಬ್ಲಿಕನ್ ಐಸೆನ್‌ಹೋವರ್ ಅಧ್ಯಕ್ಷರಾಗಿದ್ದಾಗ, ಅದು ಶೇ. 91. ಇಳಿಸಲು ಹೊರಟವರು ಡೆಮಾಕ್ರಟ್ ಕೆನಡಿ. 1964ರಲ್ಲಿ ಸಹಿ ಹಾಕಿದವರು ಜಾನ್ಸನ್, ಅವರೂ ಡೆಮಾಕ್ರಟ್. ಮರುವರ್ಷ ದರ ಶೇ. 70ಕ್ಕೆ ಬಂತು. ರೇಗನ್ 1981ರ ಕಾನೂನಿನಲ್ಲಿ ಶೇ. 50ಕ್ಕೆ ಇಳಿಸಿದರು, 1986ರ ಕಾನೂನಿನಿಂದ 1988ಕ್ಕೆ ಶೇ. 28. ಆ 1986ರ ಮಸೂದೆ ಮೇಲ್ಮನೆಯಾದ ಸೆನೆಟ್‌ನಲ್ಲಿ ಮೊದಲು ಪಾಸಾದದ್ದು 97–3 ಮತಗಳಿಂದ. ಅಂದರೆ ಡೆಮಾಕ್ರಟರೂ ಹೆಚ್ಚುಕಡಿಮೆ ಎಲ್ಲರೂ ಕೈ ಎತ್ತಿದ್ದರು. 1993ರಲ್ಲಿ ಕ್ಲಿಂಟನ್ ಅದನ್ನು ಶೇ. 39.6ಕ್ಕೆ ಏರಿಸಿದಾಗ ಒಬ್ಬ ರಿಪಬ್ಲಿಕನ್ ಕೂಡ ಪರ ಮತ ಹಾಕಲಿಲ್ಲ. ಈಗ ದರ ಶೇ. 37.

1955ರಿಂದ ಅಳೆದರೆ ಎರಡೂ ಪಕ್ಷ ಬಲಕ್ಕೆ ಬಂದಿವೆ. 1988ರಿಂದ ಅಳೆದರೆ ಡೆಮಾಕ್ರಟರು ಎಡಕ್ಕೆ ಹೋಗಿದ್ದಾರೆ. ಇಬ್ಬರ ಮಾತೂ ನಿಜವೇ, ಅಲ್ವಾ? (ಶೇ. 91 ಅಂದ ತಕ್ಷಣ ಎಲ್ಲ ಸಿರಿವಂತರೂ ಅಷ್ಟು ಕಟ್ಟುತ್ತಿದ್ದರು ಅಂದುಕೊಳ್ಳಬೇಡಿ. ಅದು ಬಹಳ ದೊಡ್ಡ ಆದಾಯದ ತುದಿಯ ಭಾಗಕ್ಕೆ ಮಾತ್ರ. ವಿನಾಯಿತಿಗಳೂ ಬೇಕಾದಷ್ಟಿದ್ದವು.)

ಇನ್ನೊಂದು ಸಂಗತಿ ಕಾಫಿ ಬೆಳೆಗಾರರಿಗೆ ಬೇಗ ಅರ್ಥವಾಗುತ್ತದೆ. ಒಂದು ಕಾಲದಲ್ಲಿ ನಮ್ಮ ಕಾಫಿಯೆಲ್ಲ ಕಾಫಿ ಬೋರ್ಡಿನ ಪೂಲಿಗೇ (ಎಲ್ಲರ ಕಾಫಿ ಒಟ್ಟು ಮಾಡಿ ಬೋರ್ಡೇ ಮಾರುವ ವ್ಯವಸ್ಥೆ) ಹೋಗಬೇಕಿತ್ತು. 1992ರಿಂದ ಹಂತಹಂತವಾಗಿ ಬಿಡುತ್ತಾ ಬಂದು 1996ಕ್ಕೆ ಪೂರ್ತಿ ಮುಕ್ತ ಮಾರಾಟವಾಯಿತು. ಶುರು ಮಾಡಿದ್ದು ಸಮಾಜವಾದದ ಮಾತಾಡುತ್ತಲೇ ಬಂದಿದ್ದ ಕಾಂಗ್ರೆಸ್ಸಿನ ಸರ್ಕಾರ. ಆಮೇಲೆ ಬಂದ ಯಾರೂ ಪೂಲನ್ನು ವಾಪಸ್ ತರಲಿಲ್ಲ. ಅಮೆರಿಕದ ಶೇ. 70 ದರದ ಕಥೆಯೂ ಹೀಗೇ. ರೇಗನ್ ನಂತರ ಮೂವರು ಡೆಮಾಕ್ರಟ್ ಅಧ್ಯಕ್ಷರು ಬಂದರು: ಕ್ಲಿಂಟನ್, ಒಬಾಮಾ, ಬೈಡನ್. ಯಾರೂ ಆ ದರದ ಹತ್ತಿರಕ್ಕೂ ಹೋಗಲಿಲ್ಲ. ಹಾಗಾಗಿ ನೋಟ್‌ಬುಕ್ಕಿನಲ್ಲಿ ಒಬ್ಬರು ಮಾಡಿದ್ದನ್ನು ಬರೆದರೆ ಸಾಲದು, ಮುಂದಿನವರು ಅದನ್ನು ತಿರುಗಿಸಿದರಾ ಅಂತಲೂ ಬರೆಯಿರಿ.

ಮುಂದೆ, ಪಕ್ಷ ಹೇಳಿದ್ದನ್ನು ಒಂದು ಕಡೆ, ಮತ ಹಾಕಿದ್ದನ್ನು ಇನ್ನೊಂದು ಕಡೆ ಇಡಿ. ಅಲ್ಲಿ ನಾಲ್ಕು ವರ್ಷಕ್ಕೊಮ್ಮೆ ಪಕ್ಷಗಳು 'ಪ್ಲಾಟ್‌ಫಾರ್ಮ್' ಹೊರಡಿಸುತ್ತವೆ, ನಮ್ಮ ಪ್ರಣಾಳಿಕೆ ಇದ್ದಂತೆ. ಸಾಂತಾ ಬಾರ್ಬರಾದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ 'ಅಮೆರಿಕನ್ ಪ್ರೆಸಿಡೆನ್ಸಿ ಪ್ರಾಜೆಕ್ಟ್' ತಾಣದಲ್ಲಿ ಹಳೆಯವೆಲ್ಲ ಉಚಿತವಾಗಿ ಸಿಗುತ್ತವೆ. 1956ರ ರಿಪಬ್ಲಿಕನ್ ಪ್ಲಾಟ್‌ಫಾರ್ಮ್ ಓದಿ ನೋಡಿ, ಕಾರ್ಮಿಕರ ಬಗ್ಗೆ, ಸೋಷಿಯಲ್ ಸೆಕ್ಯುರಿಟಿ ಪಿಂಚಣಿಯ ಬಗ್ಗೆ ಬರೆದದ್ದು ಈಗಿನವರಿಗೆ ಆಶ್ಚರ್ಯ ತರಿಸುತ್ತದೆ. ಆದರೆ ಓದಿ ಅಲ್ಲೇ ನಿಲ್ಲಬೇಡಿ. 2020ರ ಡೆಮಾಕ್ರಟಿಕ್ ಪ್ಲಾಟ್‌ಫಾರ್ಮ್ ಗಂಟೆಗೆ 15 ಡಾಲರ್ ಕನಿಷ್ಠ ಕೂಲಿ ಕೊಡಿಸುತ್ತೇವೆ ಅಂದಿತ್ತು. 2021ರ ಮಾರ್ಚ್‌ನಲ್ಲಿ ಡೆಮಾಕ್ರಟಿಕ್ ಬಣದ ಸೆನೆಟರ್ ಬರ್ನಿ ಸ್ಯಾಂಡರ್ಸ್ ಅದನ್ನು ಸೆನೆಟ್‌ನಲ್ಲಿ ಮತಕ್ಕೆ ತಂದರು. 42–58ರಲ್ಲಿ ಬಿತ್ತು. ವಿರುದ್ಧ ಹಾಕಿದವರಲ್ಲಿ 50 ರಿಪಬ್ಲಿಕನ್ನರ ಜೊತೆ ಡೆಮಾಕ್ರಟಿಕ್ ಬಣದವರೇ 8 ಜನ ಇದ್ದರು.

ಈ ಕನಿಷ್ಠ ಕೂಲಿಯ ಹತ್ತಿರ ಸ್ವಲ್ಪ ಹೊತ್ತು ನಿಲ್ಲಿ. ಜನ ದಾರಿ ತಪ್ಪುವುದು ಇಲ್ಲೇ. 1968ರಲ್ಲಿ ಕೇಂದ್ರದ ಕನಿಷ್ಠ ಕೂಲಿ ಗಂಟೆಗೆ 1.60 ಡಾಲರ್. ಇವತ್ತಿನ ಬೆಲೆಯಲ್ಲಿ ಸುಮಾರು 15 ಡಾಲರ್. 2009ರ ಜುಲೈನಿಂದ ಅದು 7.25 ಡಾಲರಿನಲ್ಲೇ ನಿಂತಿದೆ. ಯಾರೂ ಅದನ್ನು ಕಡಿಮೆ ಮಾಡುವ ಕಾನೂನು ತರಲಿಲ್ಲ. ಸುಮ್ನೆ ಕೂತರು, ಅಷ್ಟೇ. ಬೆಲೆ ಏರಿದಂತೆ ಕೂಲಿ ತಾನೇ ಸವೆಯಿತು. ಸೋಷಿಯಲ್ ಸೆಕ್ಯುರಿಟಿ ಪಿಂಚಣಿಯಲ್ಲಿ ಇದರ ಉಲ್ಟಾ. ನಿಕ್ಸನ್ ಕಾಲದ 1972ರ ಕಾನೂನಿನ ಪ್ರಕಾರ 1975ರಿಂದ ಅದು ಬೆಲೆ ಏರಿಕೆಗೆ ತಕ್ಕಂತೆ ತಾನಾಗಿ ಏರುತ್ತದೆ. ಅಲ್ಲಿ ಸುಮ್ನೆ ಕೂತರೆ ಹಳೆಯ ಸೌಲಭ್ಯ ಉಳಿಯುತ್ತದೆ. ಆದ್ದರಿಂದ ಪ್ರತಿ ವಿಷಯಕ್ಕೂ "ಏನೂ ಮಾಡದಿದ್ದರೆ ಇದು ಯಾವ ಕಡೆ ಹೋಗುತ್ತದೆ?" ಅಂತ ಒಂದು ಅಂಕಣ ಹಾಕಿ. ನನ್ನ ಕೇಳಿದರೆ ಉಳಿದ ಎಲ್ಲ ಅಂಕಣಕ್ಕಿಂತ ಇದೇ ಮುಖ್ಯ.

ಅಧ್ಯಕ್ಷರು ಬೇರೆ, ಪಕ್ಷ ಬೇರೆ ಅನ್ನುವುದನ್ನೂ ಮರೆಯಬೇಡಿ. ಕ್ಲಿಂಟನ್ ನಾಫ್ಟಾ (ಕೆನಡಾ, ಮೆಕ್ಸಿಕೊ ಜೊತೆಗಿನ ಮುಕ್ತ ವ್ಯಾಪಾರ) ಒಪ್ಪಂದ ಜಾರಿಗೆ ತಂದದ್ದಕ್ಕೆ ಡೆಮಾಕ್ರಟರೇ ಬಲಕ್ಕೆ ಹೋದರು ಅನ್ನುತ್ತಾರೆ. 1993ರ ನವೆಂಬರಿನಲ್ಲಿ ಕೆಳಮನೆಯಲ್ಲಿ ಅದು 234–200ರಲ್ಲಿ ಪಾಸಾಯಿತು. ಪರ ಹಾಕಿದ ರಿಪಬ್ಲಿಕನ್ನರು 132, ಡೆಮಾಕ್ರಟರು 102. ವಿರುದ್ಧ ಹಾಕಿದ ಡೆಮಾಕ್ರಟರು 156. ಬಡವರ ನೆರವಿಗೆ ಕಾಲಮಿತಿ, ಕೆಲಸದ ಷರತ್ತು ಹಾಕಿದ 1996ರ ಕಾನೂನಿನಲ್ಲಂತೂ ಕೆಳಮನೆಯ ಡೆಮಾಕ್ರಟರು 98–98 ಅಂತ ಸರಿಯಾಗಿ ಎರಡು ಹೋಳಾದರು. ಸಹಿ ಮಾತ್ರ ಕ್ಲಿಂಟನ್‌ದು. ಹಾಗೇ, ಬಲಕ್ಕೆ ತಿರುಗಿದ್ದೆಲ್ಲ ರೇಗನ್‌ರಿಂದ ಅನ್ನುವವರಿಗೆ ವಿಮಾನ ಕಂಪನಿಗಳ ಮೇಲಿನ ನಿಯಂತ್ರಣ ತೆಗೆದದ್ದು 1978ರಲ್ಲಿ, ಡೆಮಾಕ್ರಟ್ ಕಾರ್ಟರ್ ಕಾಲದಲ್ಲಿ ಅಂತ ನೆನಪಿಸಿ. ರಿಪಬ್ಲಿಕನ್ನರ ಲೆಕ್ಕದಲ್ಲೂ ಒಂದು ಅಡ್ಡ ಸಾಲಿದೆ: ಸರ್ಕಾರದ ಆರೋಗ್ಯ ವಿಮೆಯಾದ ಮೆಡಿಕೇರ್‌ನಲ್ಲಿ ಹಿರಿಯರಿಗೆ ಔಷಧಿ ಸೌಲಭ್ಯ ಸೇರಿಸಿದ್ದು 2003ರಲ್ಲಿ ಬುಷ್.

ಇಷ್ಟೆಲ್ಲ ತಾಳ್ಮೆ ಇಲ್ಲದವರು 'ವೋಟ್‌ವ್ಯೂ' ತಾಣ ನೋಡಬಹುದು. ಅಮೆರಿಕದ ಸಂಸತ್ತಾದ ಕಾಂಗ್ರೆಸ್ಸಿನ ಪ್ರತಿ ಸದಸ್ಯರ ಮತಗಳಿಂದ ಎಡ–ಬಲದ ಅಂಕ ಲೆಕ್ಕ ಹಾಕಿ ಇಟ್ಟಿದ್ದಾರೆ. 1970ರ ದಶಕದಿಂದೀಚೆಗೆ ಡೆಮಾಕ್ರಟರು ಎಡಕ್ಕೆ ಹೋದದ್ದಕ್ಕಿಂತ ರಿಪಬ್ಲಿಕನ್ನರು ಬಲಕ್ಕೆ ಹೋದದ್ದು ಜಾಸ್ತಿ ಅಂತ ಅದು ತೋರಿಸುತ್ತದೆ. ಆದರೆ ಮತಕ್ಕೇ ಬಾರದ ವಿಷಯ ಅದಕ್ಕೆ ಕಾಣುವುದಿಲ್ಲ. ಆರ್ಥಿಕ ವಿಷಯವನ್ನು ಅದು ಬೇರೆ ಮಾಡಿಯೂ ಕೊಡುವುದಿಲ್ಲ. ಅದೊಂದನ್ನೇ ನಂಬಿ ತೀರ್ಪು ಬರೆಯಬೇಡಿ.

ನನ್ನ ನೋಟ್‌ಬುಕ್ಕಿನಲ್ಲಿ ಬಂದದ್ದು ಇದು. ಸುಮಾರು 1978ರಿಂದ 2000ದವರೆಗೆ ಎರಡೂ ಪಕ್ಷ ಬಲಕ್ಕೆ ಬಂದವು, ರಿಪಬ್ಲಿಕನ್ನರು ಓಡುತ್ತಾ, ಡೆಮಾಕ್ರಟರು ಒಳಗೇ ಜಗಳವಾಡುತ್ತಾ. ಆಮೇಲೆ ಡೆಮಾಕ್ರಟರು ಖರ್ಚಿನಲ್ಲಿ ಎಡಕ್ಕೆ ತಿರುಗಿದರು: 2010ರ ಆರೋಗ್ಯ ವಿಮೆ ಕಾನೂನು, 2021ರಲ್ಲಿ ಮಕ್ಕಳಿರುವ ಮನೆಗಳಿಗೆ ಕೊಟ್ಟ ನೆರವು. ತೆರಿಗೆಯಲ್ಲಿ ಹಳೆಯ ಜಾಗಕ್ಕೆ ಹೋಗಲೇ ಇಲ್ಲ. ರಿಪಬ್ಲಿಕನ್ನರು ತೆರಿಗೆಯಲ್ಲಿ ಬಲಕ್ಕೇ ನಡೆದರು, 2017ರಲ್ಲಿ ಕಂಪನಿ ತೆರಿಗೆಯನ್ನು ಶೇ. 35ರಿಂದ 21ಕ್ಕೆ ಇಳಿಸಿದರು.

ಉಳಿದದ್ದು ಸುಂಕ. ಅದನ್ನು ಎಡ–ಬಲದ ಯಾವ ಅಂಕಣಕ್ಕೂ ತುರುಕಬೇಡಿ, ಬೇರೆ ಹಾಳೆ ತೆಗೆಯಿರಿ. ನಾಫ್ಟಾಕ್ಕೆ ಹೆಚ್ಚು ಮತ ಕೊಟ್ಟ ರಿಪಬ್ಲಿಕನ್ ಪಕ್ಷದ ಟ್ರಂಪ್ ಅವರೇ ಅಧ್ಯಕ್ಷರಾಗಿ 2025ರ ಆಗಸ್ಟ್‌ನಲ್ಲಿ ಭಾರತದ ಸರಕಿನ ಮೇಲೆ ಶೇ. 50 ಸುಂಕ ಹಾಕಿದರು. ನಮ್ಮ ಕಾಫಿ ವ್ಯಾಪಾರಿಗಳ ಅಂಗಡಿಯಲ್ಲಿ ಬೇರೆ ಮಾತೇ ಇರಲಿಲ್ಲ. ಅಲ್ಲಿಯ ಅಂಗಡಿಗಳಲ್ಲಿ ದಿನಸಿ ಬೆಲೆಯ ಕೂಗು ಜೋರಾದ ಮೇಲೆ ನವೆಂಬರಿನಲ್ಲಿ ಕಾಫಿ, ಟೀ, ಸಾಂಬಾರ ಪದಾರ್ಥಗಳಿಗೆ ವಿನಾಯಿತಿ ಕೊಟ್ಟರು. ಮಾರುಕಟ್ಟೆಗೆ ಬಿಡಿ ಅನ್ನುವ ಪಕ್ಷ ಯಾವ ಸರಕಿಗೆ ಎಷ್ಟು ಸುಂಕ ಅಂತ ಒಂದೊಂದಾಗಿ ಪಟ್ಟಿ ಮಾಡುತ್ತಾ ಕೂತಿದೆ. ರೇಗನ್ ಕಾಲದ ರಿಪಬ್ಲಿಕನ್ನರಿಗೆ ಇದನ್ನು ತೋರಿಸಿದ್ದರೆ ಎಡಪಂಥೀಯರ ಕೆಲಸ ಅನ್ನುತ್ತಿದ್ದರೇನೋ.