ಸೆಲ್ ಬಂದಷ್ಟೇ ಗಾಡಿ

ಬಳ್ಳಾರಿಯ ಮುಂಡರಗಿಯಲ್ಲಿ ನಮ್ಮದೊಂದು ಶೆಡ್ಡು. ಎಲೆಕ್ಟ್ರಿಕ್ ಲಗೇಜ್ ಆಟೊ ಜೋಡಿಸುತ್ತೇವೆ. ಚಾಸಿ, ಮೋಟಾರು, ಟೈರು ದುಡ್ಡು ಕೊಟ್ಟರೆ ಸಿಗುತ್ತವೆ. ನಮ್ಮನ್ನು ಕಾಯಿಸುವುದು ಬ್ಯಾಟರಿ. ಎಲ್‌ಎಫ್‌ಪಿ ಎಂಬ ಲಿಥಿಯಂ ಬಗೆಯ ಸೆಲ್ ಚೀನಾದಿಂದ ಹಡಗಿನಲ್ಲಿ ಚೆನ್ನೈಗೆ ಬಂದು, ಸೆಲ್ ಜೋಡಿಸಿ ಬ್ಯಾಟರಿ ಪ್ಯಾಕ್ ಕಟ್ಟುವವರ ಕೈ ದಾಟಿ ಇಲ್ಲಿಗೆ ಬರಬೇಕು. ಅವರು ದೊಡ್ಡ ಗಿರಾಕಿಗಳಿಗೆ ಕೊಟ್ಟು ಉಳಿದರೆ ನಮಗೆ.

ಬೇರೆ ಸೆಲ್ ಹಾಕಿ ಎನ್ನುವವರು ಬಹಳ. ಹಾಗೆ ಹಾಕಲು ಬರುವುದಿಲ್ಲ. ಎಲೆಕ್ಟ್ರಿಕ್ ಬೈಕು, ಆಟೊಗಳ ಬ್ಯಾಟರಿ ಸುರಕ್ಷತೆಯ ಮಾನದಂಡ ಎಐಎಸ್-156ರ ಬಿಗಿ ನಿಯಮಗಳು 2023ರ ಮಾರ್ಚ್ 31ರಿಂದ ಪೂರ್ತಿ ಜಾರಿಯಲ್ಲಿವೆ. ಒಂದು ಸೆಲ್ ಕಾದು ಕೆಟ್ಟರೆ ಬೆಂಕಿ ಪಕ್ಕದ ಸೆಲ್‌ಗೂ ಹರಡುತ್ತದೆಯೇ ಎಂದೂ ನೋಡುತ್ತಾರೆ. ಸೆಲ್ ಬದಲಾಯಿತೆಂದರೆ ಪ್ಯಾಕಿಗೆ ಮತ್ತೆ ಪರೀಕ್ಷೆ. ಕಿರಿಕಿರಿ ನಿಜ, ಆದರೆ ಈ ನಿಯಮ ಇರಲೇಬೇಕು.

ಸೆಲ್ಲಿನ ಕೊರತೆ ಟೆಸ್ಲಾದವರಿಗೂ ತಪ್ಪಿಲ್ಲ. ಸೆಮಿ ಲಾರಿಗೆ ಕಾರಿನ ಐದು ಪಟ್ಟು ಸೆಲ್ ಬೇಕು, ಬೆಲೆ ಐದು ಪಟ್ಟು ಬರುವುದಿಲ್ಲ ಎಂದು 2021ರಲ್ಲಿ ಇಲಾನ್ ಮಸ್ಕ್ ಹೇಳಿದ್ದರು. 2017ರಲ್ಲಿ ತೋರಿಸಿದ ಲಾರಿ ಗಿರಾಕಿಯ ಕೈ ಸೇರಿದ್ದು 2022ರ ಡಿಸೆಂಬರಿನಲ್ಲಿ. ಅವರು ಇದ್ದ ಸೆಲ್ಲನ್ನು ಕಾರಿಗೆ ಹಾಕಿಕೊಂಡರು. ನಮಗೆ ಆ ದಾರಿ ಇಲ್ಲ.

ಹಾಗಾಗಿ ಗಾಡಿಗೆ ಎರಡು ಪ್ಯಾಕ್ ಬದಲು ಒಂದೇ ಹಾಕತೊಡಗಿದೆವು. ನಮ್ಮ ಮಾದರಿಗೆ ಎರಡೂ ಬಗೆಯ ಅನುಮೋದನೆ ಇತ್ತು. ಒಂದು ಪ್ಯಾಕಿನಲ್ಲಿ 105 ಆಂಪಿಯರ್ ಅವರ್‌ನ 16 ಸೆಲ್, 51.2 ವೋಲ್ಟ್, ಸುಮಾರು 5.4 ಯೂನಿಟ್ ಕರೆಂಟ್. ಹೇರು ತುಂಬಿದರೂ 45 ಕಿಲೋಮೀಟರಿಗೆ ಮೋಸವಿಲ್ಲ.

ಗಿರಾಕಿಗಳು ಒಪ್ಪಬೇಕಲ್ಲ! ಜೀನ್ಸ್ ಹೊಲಿಸುವ ಸಾವ್ಕಾರರೊಬ್ಬರು, "ಒಂದಾ? ದಾರ್ಯಾಗ ನಿಂತ್ರ ನೀವು ಬಂದು ತಳ್ಳತೀರೇನ್ರಿ?" ಎಂದರು. "ಸಾವ್ಕಾರ್ರೆ, ಒಂದು ವಾರ ಗಾಡಿ ಎಷ್ಟು ಓಡತೈತಿ ಬರದಿಡ್ರಿ" ಎಂದೆ. ಹೊಲಿಗೆ ಮನೆಗಳಿಂದ ವಾಷಿಂಗ್ ಘಟಕಕ್ಕೆ, ಅಲ್ಲಿಂದ ಗೋದಾಮಿಗೆ, ಎಲ್ಲ ಊರೊಳಗಿನ ಓಡಾಟವೇ. ಚೀಟಿ ನೋಡಿ ಅವರೇ ಸುಮ್ಮನಾದರು. ಮಧ್ಯಾಹ್ನ ಮಾಲು ಇಳಿಸಿ ಊಟ ಮಾಡುವ ಹೊತ್ತಿಗೆ ಚಾರ್ಜಿಗೆ ಹಾಕಿದರೆ ಸಂಜೆಗೂ ಸಾಕು. ನಮ್ಮ ಬೇಸಿಗೆಯಲ್ಲಿ ಮಾತ್ರ ಓಡಿ ಬಂದ ಗಾಡಿಗೆ ತಕ್ಷಣ ಪ್ಲಗ್ ಚುಚ್ಚಬಾರದು. ಪ್ಯಾಕ್ ಬಿಸಿಯಾಗಿದ್ದರೆ ಅದನ್ನು ಕಾಯುವ ಎಲೆಕ್ಟ್ರಾನಿಕ್ ವ್ಯವಸ್ಥೆ, ಬಿಎಂಎಸ್, ಚಾರ್ಜನ್ನೇ ತಡೆಯುತ್ತದೆ. ತಗಡಿನ ಕೆಳಗಲ್ಲ, ಬೇವಿನ ನೆರಳಲ್ಲಿ ಮೊದಲು ಆರಬೇಕು.

ಸಂಡೂರು, ಸಿರುಗುಪ್ಪಕ್ಕೆ ಹೇರು ಹೊಡೆಯುವವರಿಗೆ ಒಂದು ಪ್ಯಾಕ್ ಸಾಲದು. ಅವರಿಗೆ ಕಾಯಿರಿ ಅಂತಲೇ ಹೇಳುತ್ತೇನೆ, ಸುಳ್ಳು ತಾರೀಖು ಕೊಡುವುದಿಲ್ಲ. ಚಾಸಿಗೆ ಮುಂಗಡ ಕಟ್ಟುವುದೂ ಈಗ ಪ್ಯಾಕ್ ಲಾರಿಗೆ ಹತ್ತಿತೆಂದು ಖಾತ್ರಿಯಾದ ಮೇಲೆಯೇ.