ಕೆರೆ ಉಳಿಸೋಕೆ ಮೊದಲು ಕೆರೆ ನೋಡಿ: ನಿಮ್ಮೂರಲ್ಲಿ ಒಂದು ಗುಂಪು ಕಟ್ಟುವ ಬಗೆ

ಕೆರೆ ಉಳಿಸಬೇಕು ಅಂತ ಹೊರಟವರು ಸಾಮಾನ್ಯವಾಗಿ ಮೊದಲು ಕಸ ಎತ್ತುತ್ತಾರೆ, ಇಲ್ಲವೇ ಗಿಡ ನೆಡುತ್ತಾರೆ. ಎರಡನ್ನೂ ಆಮೇಲೆ ಮಾಡಿ. ಮೊದಲ ಕೆಲವು ತಿಂಗಳು ಸುಮ್ನೆ ನೋಡಿ, ನೋಡಿದ್ದನ್ನು ಬರೆದಿಡಿ. ನೀರು ಎಲ್ಲಿಂದ ಬರುತ್ತದೆ, ಕೊಳಚೆ ಎಲ್ಲಿ ಸೇರುತ್ತದೆ, ಯಾವ ಹಕ್ಕಿ ಎಲ್ಲಿ ಗೂಡು ಕಟ್ಟುತ್ತದೆ ಅಂತ ಗೊತ್ತಿಲ್ಲದೆ ಕೈ ಹಾಕಿದರೆ, ಒಳ್ಳೆಯ ಮನಸ್ಸಿನಿಂದಲೇ ಕೆರೆ ಹಾಳು ಮಾಡಿಬಿಡುತ್ತೇವೆ.

ಗುಂಪಿಗೆ ಜಾಸ್ತಿ ಜನ ಬೇಡ. ನಾಲ್ಕೈದು ಮಂದಿ ಸಾಕು. ಆದರೆ ಎಲ್ಲರೂ ಹೊಸ ಬಡಾವಣೆಯವರೇ ಆದರೆ ಕಷ್ಟ. ಮೀನು ಹಿಡಿಯುವವರು, ದನ ಮೇಯಿಸುವವರು, ಊರಲ್ಲಿ ಇನ್ನೂ ಇದ್ದರೆ ಕೆರೆ ನೀರು ಬಿಡುವ ನೀರಗಂಟಿ, ಇವರಲ್ಲಿ ಒಬ್ಬರಾದರೂ ಜೊತೆಗಿರಲಿ. ಕೋಡಿ (ತುಂಬಿದ ಕೆರೆಯ ಹೆಚ್ಚುವರಿ ನೀರು ಹೊರಹೋಗುವ ಜಾಗ) ಕೊನೆಗೆ ಹರಿದದ್ದು ಯಾವಾಗ, ತೂಬು (ಗದ್ದೆಗೆ ನೀರು ಬಿಡುವ ಬಾಯಿ) ಎಲ್ಲಿದೆ, ಹಳೇ ಕಾಲುವೆ ಯಾವ ಲೇಔಟಿನ ಕೆಳಗೆ ಹೋಯಿತು ಅಂತ ಹೇಳೋದು ಇವರೇ. ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರು ನೋಡಿ. ಅಲ್ಲಿ ಹೆಜ್ಜಾರ್ಲೆ, ಬಣ್ಣದ ಕೊಕ್ಕರೆಗಳು ಊರೊಳಗಿನ ಮರಗಳಲ್ಲೇ ಗೂಡು ಕಟ್ಟುತ್ತವೆ. 2007ರಲ್ಲಿ ಅದನ್ನು ಸಮುದಾಯ ಮೀಸಲು ಅಂತ ಘೋಷಿಸಿದರು, ಆದರೆ ಅದಕ್ಕೂ ಎಷ್ಟೋ ಮೊದಲಿಂದ ಆ ಹಕ್ಕಿಗಳನ್ನು ಕಾಯ್ದುಕೊಂಡು ಬಂದವರು ಆ ಊರಿನವರು.

ಈಗ ನೋಡುವ ಕೆಲಸ. ಬೆಳಗ್ಗೆ ಬೇಗ ಹೋಗಿ, ಸಾಧ್ಯವಾದರೆ ವಾರಕ್ಕೊಮ್ಮೆ, ಅದೇ ದಾರಿಯಲ್ಲಿ, ಅದೇ ಹೊತ್ತಿಗೆ. ಏರಿಯ (ಕೆರೆ ಕಟ್ಟೆಯ) ಮೇಲೆ ಕೋಡಿಯಿಂದ ತೂಬಿನ ತನಕ ನಡೆದರೂ ಆಯಿತು. ಬೈನಾಕ್ಯುಲರ್ ಇದ್ದರೆ ಒಳ್ಳೆಯದು, ಇಡೀ ಗುಂಪಿಗೆ ಒಂದೇ ಸಾಕು. ಕಂಡ ಹಕ್ಕಿಗಳ ಹೆಸರು, ಪ್ರತಿಯೊಂದರ ಸಂಖ್ಯೆ, ತಾರೀಕು, ಸಮಯ ಬರೆಯಿರಿ. ಇಬರ್ಡ್ ಆ್ಯಪ್‌ನಲ್ಲಿ ಹಾಕಿದರೆ ನಿಮ್ಮ ಪಟ್ಟಿ ಎಲ್ಲೂ ಕಳೆದುಹೋಗಲ್ಲ. ಗಿಡ, ಚಿಟ್ಟೆ, ಕಪ್ಪೆ, ಏರೋಪ್ಲೇನ್ ಚಿಟ್ಟೆಗಳಿಗೆ ಐನ್ಯಾಚುರಲಿಸ್ಟ್ ಇದೆ, ಫೋಟೊ ಹಾಕಿದರೆ ಗೊತ್ತಿರುವವರು ಹೆಸರು ಹೇಳುತ್ತಾರೆ. ನಾಮದ ಕೋಳಿ, ನೀರುಕಾಗೆ, ಗುಳುಮುಳುಕ, ಮಿಂಚುಳ್ಳಿ, ಟಿಟ್ಟಿಭ, ಇಷ್ಟರಿಂದ ಶುರು ಮಾಡಿ. ಇವೇ ಬೇಕಾದಷ್ಟು ಕಲಿಸುತ್ತವೆ. ಫೆಬ್ರವರಿಯಲ್ಲಿ ನಾಲ್ಕು ದಿನ ಗ್ರೇಟ್ ಬ್ಯಾಕ್‌ಯಾರ್ಡ್ ಬರ್ಡ್ ಕೌಂಟ್ ಅನ್ನೋ ಹಕ್ಕಿ ಎಣಿಕೆ ನಡೆಯುತ್ತದೆ, ಕನಿಷ್ಠ 15 ನಿಮಿಷ ಎಣಿಸಿದರೂ ಲೆಕ್ಕಕ್ಕೆ ಬರುತ್ತದೆ. ಶಾಲೆ ಮಕ್ಕಳನ್ನು ಕರೆದುಕೊಂಡು ಬರಲು ಅದಕ್ಕಿಂತ ಒಳ್ಳೆಯ ಸಮಯ ಇಲ್ಲ, ಆಗ ವಲಸೆ ಹಕ್ಕಿಗಳೂ ಇರುತ್ತವೆ. ಹಕ್ಕಿ ಹತ್ತಿರ ಬರಲಿ ಅಂತ ಮೊಬೈಲಿನಲ್ಲಿ ಅದರ ಕೂಗು ಹಾಕಬೇಡಿ. ಗೂಡಿನ ಜಾಗವನ್ನು ವಾಟ್ಸಾಪ್ ಗ್ರೂಪುಗಳಲ್ಲಿ ಹಂಚಬೇಡಿ.

ಇನ್ನು ಜೊಂಡಿನ ವಿಷಯ. ಇದನ್ನು ಸ್ವಲ್ಪ ಒತ್ತಿ ಹೇಳಬೇಕು. ಜೊಂಡು ಕಂಡ ಕೂಡಲೇ 'ಕೆರೆ ಕ್ಲೀನ್ ಇಲ್ಲ' ಅಂತ ಜೆಸಿಬಿ ತರಿಸುವವರು ತುಂಬಾ ಜನ. ನೇರಳೆ ಜಂಬುಕೋಳಿ ಗೂಡು ಕಟ್ಟುವುದು ಆ ಜೊಂಡಿನೊಳಗೆ. ದೇವನಕ್ಕಿ ಮೊಟ್ಟೆ ಇಡುವುದು ತೇಲುವ ಎಲೆಗಳ ಮೇಲೆ. ಇವೆರಡಕ್ಕೂ ಮಳೆಗಾಲವೇ ಮರಿ ಮಾಡುವ ಕಾಲ. ಆಗ ಇಡೀ ಅಂಚನ್ನು ಬೋಳು ಮಾಡಿದರೆ ಆ ವರ್ಷದ ಮರಿಗಳೆಲ್ಲ ಹೋದಂತೆ. ನೀರ ಮೇಲೆ ತೇಲುವ ಕಳೆ ಅಂತರಗಂಗೆಯದು ಬೇರೆ ಕಥೆ, ಅದು ನೀರನ್ನೆಲ್ಲ ಮುಚ್ಚಿಬಿಡುತ್ತದೆ, ತೆಗೆಯಲೇಬೇಕು. ಅದನ್ನೂ ಮಳೆಗಾಲ ಮುಗಿದ ಮೇಲೆ, ಗೂಡು ಇಲ್ಲ ಅಂತ ನೋಡಿಕೊಂಡು, ಒಂದೊಂದೇ ಭಾಗ ತೆಗೆಸಿ. ಕೊಳಚೆ ನೀರು ಬರುವುದು ನಿಲ್ಲದಿದ್ದರೆ ಮತ್ತೆ ಬೆಳೆಯುತ್ತದೆ, ಅದನ್ನು ಸಾಕುತ್ತಿರುವುದೇ ಆ ಕೊಳಚೆ.

ಹಾಗಾಗಿ ಒಂದು ದಿನ ಕೆರೆ ಬಿಟ್ಟು ರಾಜಕಾಲುವೆ ಜಾಡಲ್ಲಿ ಮೇಲಕ್ಕೆ ನಡೆಯಿರಿ. ಎಲ್ಲಿ ಯಾರ ಪೈಪು ಸೇರಿದೆ, ಎಲ್ಲಿ ಕಟ್ಟಡದ ಮಣ್ಣು ಸುರಿದಿದ್ದಾರೆ, ಎಲ್ಲಿ ಕಾಲುವೆ ಕಿರಿದಾಗಿದೆ ಎಲ್ಲವನ್ನೂ ಫೋಟೊ ತೆಗೆಯಿರಿ. ಜಾಗ, ತಾರೀಕು ಫೋಟೊ ಮೇಲೇ ಮೂಡುವ ಜಿಪಿಎಸ್ ಕ್ಯಾಮೆರಾ ಆ್ಯಪ್ ಬಳಸಿ. ದಿಶಾಂಕ್ ಆ್ಯಪ್‌ನಲ್ಲಿ ನಿಂತ ಜಾಗದ ಸರ್ವೆ ನಂಬರ್ ಸಿಗುತ್ತದೆ, ಗ್ರಾಮ ನಕ್ಷೆ ಜೊತೆ ಹೋಲಿಸಿ ನೋಡಿ. ಜಗಳಕ್ಕೆ ಮಾತ್ರ ಹೋಗಬೇಡಿ. ಒತ್ತುವರಿ ಹೌದೋ ಅಲ್ವಾ ಅಂತ ಅಳೆದು ಹೇಳಬೇಕಾದವರು ಸರ್ವೆಯವರು, ನೀವು ಅಳತೆಗೆ ತಹಶೀಲ್ದಾರರಿಗೆ ಅರ್ಜಿ ಕೊಡಿ.

ಕಸ ಎತ್ತುವಾಗ ಕಾಲುವೆ ಕೆರೆಗೆ ಸೇರುವ ಬಾಯಿಂದ ಶುರು ಮಾಡಿ, ಪ್ಲಾಸ್ಟಿಕ್ ಜಾಸ್ತಿ ಸಿಗೋದು ಅಲ್ಲೇ. ಗ್ಲೌಸ್, ಬೂಟು ಕಡ್ಡಾಯ. ನೀರಿಗೆ ಇಳಿಯುವುದು ಬೇಡ. ಹಾವು ಕಂಡರೆ ಮುಟ್ಟದೆ ದೂರ ಸರಿಯಿರಿ. ಗಿಡ ನೆಡುವುದಾದರೆ ಹೊಂಗೆ, ಮತ್ತಿ, ನೇರಳೆ ಇಂಥ ನಮ್ಮ ನೆಲದ ಗಿಡಗಳನ್ನು ಕೆರೆ ಅಂಗಳದಿಂದ ಹೊರಗೆ ನೆಡಿ. ಕೆರೆ ಅಂಗಳದ ಬಯಲನ್ನು ಹಾಗೇ ಬಿಡಿ. ಟಿಟ್ಟಿಭಕ್ಕೆ ಬರೀ ನೆಲವೇ ಗೂಡು, ನೀರು ಇಳಿದ ಕೆಸರಲ್ಲೇ ಎಷ್ಟೋ ವಲಸೆ ಹಕ್ಕಿಗಳ ಊಟ.

ಕೊನೆಗೆ ಕಾಗದದ ಕೆಲಸ. ಸಾಮಾನ್ಯವಾಗಿ 40 ಹೆಕ್ಟೇರ್‌ವರೆಗೆ ಅಚ್ಚುಕಟ್ಟು (ಕೆರೆ ನೀರು ಉಣ್ಣುವ ಜಮೀನು) ಇರುವ ಕೆರೆಗಳು ಪಂಚಾಯತ್ ರಾಜ್ ಸಂಸ್ಥೆಗಳ ಕೈಯಲ್ಲಿ, ಅದಕ್ಕಿಂತ ದೊಡ್ಡವು ಸಣ್ಣ ನೀರಾವರಿ ಇಲಾಖೆಯ ಕೈಯಲ್ಲಿ ಇರುತ್ತವೆ. ನಿಮ್ಮ ಕೆರೆ ಯಾರದ್ದು ಅಂತ ಮೊದಲು ತಿಳಿದುಕೊಳ್ಳಿ, ಇಲ್ಲದಿದ್ದರೆ ಅರ್ಜಿ ಒಂದು ಕಚೇರಿಯಿಂದ ಇನ್ನೊಂದಕ್ಕೆ ಸುತ್ತುತ್ತಲೇ ಇರುತ್ತದೆ. ಕೊಟ್ಟ ಪ್ರತಿ ಅರ್ಜಿಯ ನಕಲಿನ ಮೇಲೆ ಸೀಲು, ಸಹಿ ಹಾಕಿಸಿಕೊಳ್ಳಿ. ಜೀವವೈವಿಧ್ಯ ಕಾಯ್ದೆ, 2002ರ ಪ್ರಕಾರ ಪ್ರತಿ ಸ್ಥಳೀಯ ಸಂಸ್ಥೆಯಲ್ಲೂ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು, ಅದು ಜನತಾ ಜೀವವೈವಿಧ್ಯ ದಾಖಲಾತಿ, ಅಂದರೆ ಊರಿನ ಗಿಡ, ಪ್ರಾಣಿ, ಹಕ್ಕಿಗಳ ಪುಸ್ತಕ ಇಡಬೇಕು. ಪಂಚಾಯಿತಿಗೆ ಹೋಗಿ ಪಿಡಿಒ (ಪಂಚಾಯಿತಿ ಅಭಿವೃದ್ಧಿ ಅಧಿಕಾರಿ) ಹತ್ತಿರ ಆ ದಾಖಲಾತಿ ತೋರಿಸಿ ಅಂತ ಕೇಳಿ. ನಿಮ್ಮ ಕೆರೆಯ ಹೆಸರು ಅದರಲ್ಲಿ ಇಲ್ಲದಿದ್ದರೆ, ನೀವು ಬರೆದಿಟ್ಟ ಪಟ್ಟಿಯನ್ನು ಜೋಡಿಸಿ ಸೇರಿಸಿಕೊಳ್ಳಿ ಅಂತ ಅರ್ಜಿ ಕೊಡಿ.