ನೆಟ್ ಇಲ್ದಿದ್ರೂ ನಡೆಯೋ ಗೇಮ್ ಹುಡುಕೋದು ಹೇಗೆ, ನೆಟ್ ಬೇಕೇ ಬೇಕು ಅನ್ನೋ ಗೇಮ್ ಜೊತೆ ಏಗೋದು ಹೇಗೆ

ಒಬ್ರೇ ಆಡೋ ಗೇಮು, ಎದುರಾಳಿ ಯಾರೂ ಇಲ್ಲ, ಆದ್ರೂ ಓಪನ್ ಮಾಡಿದ ತಕ್ಷಣ ಇಂಟರ್ನೆಟ್ ಚೆಕ್ ಮಾಡಿ ಅಂತ ಒಂದು ಬಾಕ್ಸ್ ಬಂದು ನಿಲ್ಲತ್ತೆ, ಅದ್ರಲ್ಲಿ ರೀಟ್ರೈ ಅಂತ ಒಂದೇ ಬಟನ್ನು, ಒತ್ತಿದ್ರೆ ಮತ್ತೆ ಅದೇ ಬಾಕ್ಸು. ಮನೇಲಿ ವೈಫೈ ಇರೋರಿಗೆ ಇದ್ರ ಬಿಸಿ ಅಷ್ಟು ತಟ್ಟಲ್ಲ. ಸಕಲೇಶಪುರ ದಾಟಿ ಸುಬ್ರಹ್ಮಣ್ಯ ರೋಡ್ ಕಡೆ ಇಳಿಯೋ ರೈಲಲ್ಲಿ ಗೊತ್ತಾಗತ್ತೆ, ಸುಮಾರು 55 ಕಿಲೋಮೀಟರ್ ಘಾಟಿ, 57 ಸುರಂಗ, ರೈಲು ತೆವಳ್ತಾ ಇರತ್ತೆ, ಸಿಗ್ನಲ್ ಒಂದು ಕಡ್ಡಿ ಬರತ್ತೆ ಹೋಗತ್ತೆ, ಕಿಟಕಿ ಹೊರಗೆ ನೋಡಿ ನೋಡಿ ಬೇಜಾರಾದ ಮಕ್ಕಳು ಫೋನ್ ಕೇಳ್ತಾರೆ, ಕೊಟ್ರೆ ಒಂದು ಗೇಮೂ ಓಪನ್ ಆಗಲ್ಲ. ಮಲೆನಾಡಿನ ಎಷ್ಟೋ ಊರಲ್ಲಂತೂ ಇದು ದಿನದ ಕಥೆ, ಕರೆಂಟ್ ಹೋದ್ರೆ ಟವರೂ ಹೋಗತ್ತೆ.

ಅದಕ್ಕೇ ನಾನು ಹೇಳೋದು ಇಷ್ಟೇ, ಗೇಮಿಗೆ ದುಡ್ಡು ಹಾಕೋ ಮೊದ್ಲು, ವಾರಗಟ್ಟಲೆ ಟೈಮ್ ಹಾಕೋ ಮೊದ್ಲು, ನೆಟ್ ಆಫ್ ಮಾಡಿ ನೋಡಿ.

ಮೊದ್ಲು ಗೇಮು ನೆಟ್ ಯಾಕೆ ಕೇಳತ್ತೆ ಅಂತ ತಿಳ್ಕೊಳ್ಳಿ, ಯಾಕಂದ್ರೆ ಕಾರಣ ಬೇರೆ ಆದ್ರೆ ಉಪಾಯನೂ ಬೇರೆ. ಬಿಜಿಎಂಐ ಥರದ್ದು ಬೇರೆಯವರ ಜೊತೆ ಆಡೋ ಗೇಮು, ಅದಕ್ಕೆ ನೆಟ್ ಬೇಕು, ಅದ್ರಲ್ಲಿ ತಕರಾರಿಲ್ಲ. ಕ್ಲಾಶ್ ಆಫ್ ಕ್ಲಾನ್ಸ್ ಥರದ್ರಲ್ಲಿ ನಿಮ್ಮ ಚಿನ್ನ, ಕಟ್ಟಡ, ಸೈನ್ಯ ಎಲ್ಲದರ ಲೆಕ್ಕ ಇರೋದು ಕಂಪನಿ ಸರ್ವರಲ್ಲಿ, ಅಂದ್ರೆ ಅವರ ಕಂಪ್ಯೂಟರಲ್ಲಿ, ಫೋನಲ್ಲಿ ಇಟ್ರೆ ಯಾರಾದ್ರೂ ಫೈಲ್ ತಿದ್ದಿ ಚಿನ್ನ ಜಾಸ್ತಿ ಮಾಡ್ಕೋತಾರೆ ಅಂತ, ಅದೂ ಒಪ್ಕೋಬಹುದು. ಮೂರನೇದು ಜಾಹೀರಾತು, ಗೇಮ್ ಪೂರ್ತಿ ಫೋನಲ್ಲೇ ಇರತ್ತೆ ಆದ್ರೆ ನೆಟ್ ಇಲ್ದಿದ್ರೆ ಆಡ್ ತೋರ್ಸೋಕಾಗಲ್ಲ ಅಂತ ಬಾಗಿಲು ಹಾಕ್ಬಿಡತ್ತೆ, ಫ್ರೀ ಗೇಮ್ ಮಾಡೋರಿಗೂ ಹೊಟ್ಟೆಪಾಡು ಇದೆ ಅನ್ನೋಣ, ಆದ್ರೆ ಆಡ್ ತೆಗೆಯೋಕೆ ಅಂತ ದುಡ್ಡು ತಗೊಂಡ್ಮೇಲೂ ನೆಟ್ ಕೇಳಿದ್ರೆ ಅದು ಅನ್ಯಾಯ, ಇದನ್ನ ಜೋರಾಗೇ ಹೇಳ್ತೀನಿ. ನಾಲ್ಕನೇದು ಕಳ್ಳಕಾಪಿ ತಡೆಯೋದು. 2016ರ ಡಿಸೆಂಬರಲ್ಲಿ ನಿಂಟೆಂಡೊ ಐಫೋನಿಗೆ ಸೂಪರ್ ಮಾರಿಯೋ ರನ್ ಬಿಟ್ಟಾಗ, ಸುಮಾರು 10 ಡಾಲರ್ ಕೊಟ್ಟು ಪೂರ್ತಿ ತಗೊಂಡ್ರೂ ಆಡೋವಾಗೆಲ್ಲ ನೆಟ್ ಬೇಕಿತ್ತು, ಕಾರಣ ಪೈರಸಿ ಅಂತ ಅವರೇ ಹೇಳಿದ್ರು. ಕಳ್ಳರನ್ನ ತಡೆಯೋಕೆ ಹೋಗಿ ದುಡ್ಡು ಕೊಟ್ಟು ತಗೊಂಡೋರಿಗೇ ತೊಂದ್ರೆ.

ಈಗ ಟೆಸ್ಟ್ ಮಾಡೋ ಕ್ರಮ. ಗೇಮ್ ಇನ್‌ಸ್ಟಾಲ್ ಆದ್ಮೇಲೆ ವೈಫೈಲೇ ಒಂದ್ಸಲ ಓಪನ್ ಮಾಡಿ, ಯಾಕಂದ್ರೆ ಪ್ಲೇ ಸ್ಟೋರಲ್ಲಿ ತೋರ್ಸೋ ಸೈಜ್ ಒಂದು, ಓಪನ್ ಮಾಡಿದ್ಮೇಲೆ ಗೇಮ್ ಒಳಗೆ ಮತ್ತೆ ಇಳಿಯೋದು ಇನ್ನೊಂದು, ಅದು ಪೂರ್ತಿ ಇಳೀಲಿ. ಟ್ಯುಟೋರಿಯಲ್ ಮುಗಿಸಿ ನಾಲ್ಕೈದು ಲೆವೆಲ್ ಆಡಿ, ಕೆಲವು ಗೇಮು ಮೊದಲ ಲೆವೆಲ್ಲುಗಳನ್ನ ಮಾತ್ರ ಜೊತೇಲಿ ಕೊಟ್ಟಿರತ್ತೆ, ಮುಂದಿನವನ್ನ ಆಮೇಲೆ ಎಳ್ಕೊಳತ್ತೆ. ಆಮೇಲೆ ಗೇಮನ್ನ ರೀಸೆಂಟ್ ಲಿಸ್ಟಿಂದ ತೆಗೆದುಹಾಕಿ, ಸೆಟ್ಟಿಂಗ್ಸಲ್ಲಿ ಆಪ್ ಇನ್ಫೋಗೆ ಹೋಗಿ ಫೋರ್ಸ್ ಸ್ಟಾಪೂ ಕೊಡಿ, ಇದನ್ನ ಬಿಡಬೇಡಿ, ಬಿಟ್ರೆ ಹಳೇ ಲಾಗಿನ್ ಇನ್ನೂ ಜೀವಂತ ಇದ್ದು ಸುಳ್ಳು ಪಾಸ್ ಸಿಗತ್ತೆ. ಏರೋಪ್ಲೇನ್ ಮೋಡ್ ಹಾಕಿ, ವೈಫೈ ಐಕಾನ್ ನಿಜವಾಗ್ಲೂ ಆಫ್ ಆಗಿದ್ಯಾ ನೋಡಿ, ಈಗಿನ ಎಷ್ಟೋ ಫೋನಲ್ಲಿ ಏರೋಪ್ಲೇನ್ ಮೋಡ್ ಹಾಕಿದ್ರೂ ವೈಫೈ ಉಳ್ಕೊಂಡಿರತ್ತೆ. ಈಗ ಗೇಮ್ ಓಪನ್ ಮಾಡಿ ಒಂದು ಲೆವೆಲ್ ಮುಗಿಸಿ, ಮುಗಿದ್ಮೇಲೆ ಮುಂದಿನ ಲೆವೆಲ್ ಬಟನ್ ಒತ್ತಿ, ತುಂಬಾ ಗೇಮು ಕೈ ಕೊಡೋದು ಅಲ್ಲೇ, ಆಟದ ಮಧ್ಯೆ ಸುಮ್ನಿದ್ದು ರಿವಾರ್ಡ್ ಕೊಡೋ ಹೊತ್ತಿಗೆ ಚಕ್ರ ತಿರುಗ್ತಾ ನಿಲ್ಲತ್ತೆ. ಕೊನೇಲಿ ಮತ್ತೆ ಮುಚ್ಚಿ ತೆಗೆದು ಆಡಿದ್ದು ಸೇವ್ ಆಗಿದ್ಯಾ ನೋಡಿ. ಇಷ್ಟು ದಾಟಿದ್ರೆ ಆ ಗೇಮು ಘಾಟಿಗೂ ಆಗತ್ತೆ ವಿಮಾನಕ್ಕೂ ಆಗತ್ತೆ.

ದುಡ್ಡು ಕೊಟ್ಟು ತಗೊಳೋ ಗೇಮಾದ್ರೆ ತಗೊಂಡ ದಿನಾನೇ ಈ ಟೆಸ್ಟ್ ಮಾಡಿ, ಗೂಗಲ್ ಪ್ಲೇಲಿ 48 ಗಂಟೆ ಒಳಗೆ ಗೂಗಲ್ಲಿಗೇ ರೀಫಂಡ್ ಕೇಳ್ಬಹುದು, ಅದು ದಾಟಿದ್ರೆ ಗೇಮ್ ಮಾಡಿದೋರ ಹತ್ರ ಕೇಳ್ತಾ ಕೂರ್ಬೇಕು.

ಇನ್‌ಸ್ಟಾಲ್ ಮಾಡೋಕೆ ಮುಂಚೆನೂ ಸ್ವಲ್ಪ ಗೊತ್ತಾಗತ್ತೆ. ಪ್ಲೇ ಸ್ಟೋರಲ್ಲಿ ಗೇಮ್ ಪೇಜಲ್ಲಿ ಕೆಲವಕ್ಕೆ ಆಫ್‌ಲೈನ್ ಅಂತ ಟ್ಯಾಗ್ ಇರತ್ತೆ. ಟ್ಯಾಗನ್ನ ಪೂರ್ತಿ ನಂಬಬೇಡಿ, ರಿವ್ಯೂಗಳಲ್ಲಿ ಇಂಟರ್ನೆಟ್, ಆಫ್‌ಲೈನ್ ಅನ್ನೋ ಪದ ಹುಡುಕಿ ಓದಿ, ಅದರಲ್ಲೂ ಹೊಸ ರಿವ್ಯೂ ಓದಿ, ಮೊದ್ಲು ಆಫ್‌ಲೈನ್ ನಡೀತಿದ್ದ ಗೇಮು ಒಂದು ಅಪ್‌ಡೇಟ್ ಆದ್ಮೇಲೆ ನೆಟ್ ಕೇಳೋಕೆ ಶುರು ಮಾಡಿರತ್ತೆ.

ಹಂಗಾದ್ರೆ ಯಾವ್ದು ಹಾಕ್ಕೊಳೋದು ಅಂದ್ರೆ, ಹಿಲ್ ಕ್ಲೈಂಬ್ ರೇಸಿಂಗ್, ಸಬ್‌ವೇ ಸರ್ಫರ್ಸ್ ನೆಟ್ ಇಲ್ದೇ ಓಡತ್ತೆ, ಕ್ಯಾಂಡಿ ಕ್ರಶ್ ಲೆವೆಲ್ಲೂ ಆಡ್ಬಹುದು, ನೆಟ್ ಬಂದಾಗ ಆಡಿದ್ದನ್ನ ತಾನೇ ಸರ್ವರಿಗೆ ಸಿಂಕ್ ಮಾಡ್ಕೊಳತ್ತೆ. ಲೂಡೋ ಕಿಂಗಲ್ಲಿ ಕಂಪ್ಯೂಟರ್ ಜೊತೆ ಆಡೋದು, ಒಂದೇ ಫೋನ್ ಕೈಯಿಂದ ಕೈಗೆ ಕೊಡ್ತಾ ಮನೆಯವ್ರೆಲ್ಲ ಆಡೋದು ಎರಡಕ್ಕೂ ನೆಟ್ ಬೇಡ, ರೈಲಿಗೆ ಇದಕ್ಕಿಂತ ಒಳ್ಳೇದು ಸಿಗಲ್ಲ. ಚೆಸ್ ಇಷ್ಟ ಇದ್ರೆ ಲಿಚೆಸ್ ಹಾಕ್ಕೊಳಿ, ಫ್ರೀ, ಆಡ್ ಇಲ್ಲ, ಆಫ್‌ಲೈನಲ್ಲಿ ಕಂಪ್ಯೂಟರ್ ಜೊತೆ ಆಡ್ಬಹುದು. ಸೈಮನ್ ಟ್ಯಾಥಮ್ಸ್ ಪಜಲ್ಸ್ ಅಂತ ಒಂದಿದೆ, ನೋಡೋಕೆ ಸಾದಾ, ಆದ್ರೆ ಮೂವತ್ತಕ್ಕೂ ಜಾಸ್ತಿ ಥರದ ಪಜಲ್ಲು ಒಂದೇ ಚಿಕ್ಕ ಆಪಲ್ಲಿ, ಆಡ್ ಇಲ್ಲ ದುಡ್ಡಿಲ್ಲ. ನೆಲಮಾಳಿಗೆಗೆ ಇಳಿದು ರಾಕ್ಷಸರ ಜೊತೆ ಹೋರಾಡೋ ಶ್ಯಾಟರ್ಡ್ ಪಿಕ್ಸೆಲ್ ಡಂಜನ್ ಕೂಡ ಆಂಡ್ರಾಯ್ಡಲ್ಲಿ ಹಂಗೇ ಫ್ರೀ, ಆಡೋದು ತುಂಬಾ ಕಷ್ಟ, ಆದ್ರೂ ಬಿಡೋಕಾಗಲ್ಲ. ದುಡ್ಡು ಕೊಡೋ ಮನಸಿದ್ರೆ ಸ್ಟಾರ್ಡ್ಯೂ ವ್ಯಾಲಿ, ಒಂದ್ಸಲ ತಗೊಂಡ್ರೆ ಮುಗೀತು, ಹೊಲ ಉಳೋದು ಬಿತ್ತೋದು ಮೀನು ಹಿಡಿಯೋದು, ಎಲ್ಲಾ ನಿಮ್ಮ ಫೋನಲ್ಲೇ.

ಆನ್‌ಲೈನ್ ಗೇಮೇ ಬೇಕು ಅನ್ನೋರು ಹೊರಡೋ ಹಿಂದಿನ ರಾತ್ರಿ ವೈಫೈಲಿ ಅಪ್‌ಡೇಟ್ ಮಾಡಿ ಒಂದ್ಸಲ ಓಪನ್ ಮಾಡಿಟ್ಕೊಳಿ. ಡೇಟಾ ತಿನ್ನೋದು ಆಟ ಅಲ್ಲ, ಅಪ್‌ಡೇಟು ಮತ್ತೆ ವಿಡಿಯೋ ಜಾಹೀರಾತು. ಆಟಕ್ಕೆ ಬೇಕಿರೋದು ಸ್ಪೀಡ್‌ಗಿಂತ ಹೆಚ್ಚಾಗಿ ಕಡಿದುಹೋಗದ ನೆಟ್ಟು, ಹಂಗಾಗಿ 5ಜಿ ಬಂದು ಹೋಗಿ ಮಾಡ್ತಿದ್ರೆ ಸೆಟ್ಟಿಂಗ್ಸಲ್ಲಿ 4ಜಿಗೆ ಇಳಿಸಿ, ಎಷ್ಟೋ ಸಲ ಅಷ್ಟಕ್ಕೇ ಸರಿ ಹೋಗತ್ತೆ. ಎರಡನೇ ಸಿಮ್ ಬೇರೆ ಕಂಪನೀದು ಇರ್ಲಿ, ಮಲೆನಾಡಲ್ಲಿ ಬಿಎಸ್‌ಎನ್‌ಎಲ್ ಮಾತ್ರ ಸಿಗೋ ಜಾಗ ಬೇಕಾದಷ್ಟಿದೆ. ಓಡೋ ರೈಲಲ್ಲಿ ಕೂತು ರ‍್ಯಾಂಕ್ ಮ್ಯಾಚ್ ಶುರು ಮಾಡಬೇಡಿ ದಯವಿಟ್ಟು, ಮಧ್ಯೆ ಕಟ್ ಆದ್ರೆ ನಿಮ್ಮ ರ‍್ಯಾಂಕ್ ಒಂದೇ ಅಲ್ಲ, ನಿಮ್ಮನ್ನ ನಂಬ್ಕೊಂಡು ಆಡ್ತಿರೋ ಟೀಮ್‌ನೋರೂ ಸೋಲ್ತಾರೆ. ದಿನದ ಡೇಟಾ ಮುಗಿದು ಸ್ಪೀಡು 64 ಕೆಬಿಪಿಎಸ್‌ಗೆ ಇಳಿದಾಗ್ಲೂ ಚೆಸ್ ಥರ ಒಬ್ಬರಾದ್ಮೇಲೆ ಒಬ್ಬರು ನಡೆಸೋ ಆಟ ಹೆಂಗೋ ನಡೆಯತ್ತೆ.

ಫೋನೂ ಒಂದು ಕೆಲ್ಸ ಮಾಡತ್ತೆ, ಜಾಗ ಸಾಲ್ದಿದ್ರೆ ಬಳಸದ ಆಪನ್ನ ತಾನೇ ತೆಗೆದು ಬರೀ ಐಕಾನ್ ಇಟ್ಟಿರತ್ತೆ, ಐಫೋನಲ್ಲೂ ಇದೆ, ಆಂಡ್ರಾಯ್ಡಲ್ಲೂ ಪ್ಲೇ ಸ್ಟೋರ್ ಸೆಟ್ಟಿಂಗ್ಸಲ್ಲಿ ಇದೆ. ಅದನ್ನ ಆಫ್ ಮಾಡಿಡಿ, ಇಲ್ಲಾಂದ್ರೆ ಘಾಟಿ ಮಧ್ಯೆ ಐಕಾನ್ ಒತ್ತಿದಾಗ ಡೌನ್‌ಲೋಡ್ ಶುರು ಆಗತ್ತೆ.

ಆಫ್‌ಲೈನ್ ಮಾಡೋಕೆ ಆಗಲ್ಲ ಅಂತ ಕಂಪನಿಗಳು ಹೇಳೋದನ್ನ ನಾನು ಪೂರ್ತಿ ಒಪ್ಪಲ್ಲ. ನಿಂಟೆಂಡೊದ್ದೇ ಇನ್ನೊಂದು ಗೇಮು ಆನಿಮಲ್ ಕ್ರಾಸಿಂಗ್ ಪಾಕೆಟ್ ಕ್ಯಾಂಪ್ ವರ್ಷಗಟ್ಟಲೆ ನೆಟ್ ಇಲ್ದೇ ಓಪನ್ನೇ ಆಗ್ತಿರ್ಲಿಲ್ಲ, 2024ರ ನವೆಂಬರಲ್ಲಿ ಸರ್ವರ್ ಮುಚ್ಚಿ ಡಿಸೆಂಬರಲ್ಲಿ ಅದೇ ಗೇಮನ್ನ ಒಂದ್ಸಲ ದುಡ್ಡು ಕೊಟ್ಟು ತಗೊಳೋ ಆಫ್‌ಲೈನ್ ಗೇಮ್ ಮಾಡಿ ಬಿಟ್ರು. ಕ್ಯಾಪ್‌ಕಾಮ್‌ನ ಮೆಗಾ ಮ್ಯಾನ್ ಎಕ್ಸ್ ಡೈವ್‌ಗೂ 2023ರಲ್ಲಿ ಆಫ್‌ಲೈನ್ ಆವೃತ್ತಿ ಬಂತು. ಮನಸು ಮಾಡಿದ್ರೆ ಆಗತ್ತೆ. ಇವೆರಡರ ಥರ ಅದೃಷ್ಟ ಎಲ್ಲಾ ಗೇಮಿಗೂ ಇರಲ್ಲ, ಹೆಚ್ಚಿನವು ಸರ್ವರ್ ಮುಚ್ಚಿದ ದಿನಾನೇ ನೀವು ಹಾಕಿದ ದುಡ್ಡಿನ ಸಮೇತ ಮಾಯ.

ಅದಕ್ಕೇ ಒಬ್ರೇ ಆಡೋ ಗೇಮು ಸುಮ್ಸುಮ್ನೆ ನೆಟ್ ಕೇಳ್ತಿದ್ರೆ ರಿವ್ಯೂಲಿ ಬರೀರಿ, ಕೆಟ್ಟ ಗೇಮ್ ಅಂತ ಒಂದು ಸ್ಟಾರ್ ಕೊಟ್ಟು ಬಿಡಬೇಡಿ, ಯಾವ ವರ್ಷನ್ನಿಂದ ಶುರು ಆಯ್ತು, ಯಾವ ಸ್ಕ್ರೀನಲ್ಲಿ ನಿಂತು ಹೋಗತ್ತೆ, ದುಡ್ಡು ಕೊಟ್ಟಿದೀರಾ ಇಲ್ವಾ, ಅಷ್ಟು ಬರೀರಿ. ಕನ್ನಡದಲ್ಲೇ ಬರೀರಿ ಬೇಕಾದ್ರೆ, ಮುಂದೆ ಇನ್‌ಸ್ಟಾಲ್ ಮಾಡೋ ನಮ್ಮೋರಿಗೂ ಗೊತ್ತಾಗತ್ತೆ.